ಹಾಸ್ಟೆಲ್‌ನ ಪೀರ್-ಟು-ಪೀರ್ ಜಾಲ: ನನ್ನ ಅನುಭವ

ಪಾಠದ ವಿಡಿಯೊ ಹಂಚಿಕೊಳ್ಳಲು ನಮ್ಮ ಹಾಸ್ಟೆಲ್‌ನಲ್ಲಿ ಸರ್ವರ್ ಇರಲಿಲ್ಲ. ಇದ್ದದ್ದು ಸುಮಾರು 40 ಲ್ಯಾಪ್‌ಟಾಪ್. ಅವುಗಳನ್ನೇ ಜೋಡಿಸಿ, ಸರ್ವರ್ ಇಲ್ಲದೆ ಒಂದರಿಂದೊಂದು ನೇರವಾಗಿ ಫೈಲ್ ಪಡೆಯುವ ಪೀರ್-ಟು-ಪೀರ್ ಜಾಲ ಮಾಡಿದೆ. ಯಾವ ಫೈಲ್ ಯಾರ ಬಳಿ ಇದೆ ಎಂದು ಇಂಥ ಜಾಲದಲ್ಲಿ ಹುಡುಕಲು 2002ರಲ್ಲಿ ಬಂದ ಕ್ಯಾಡೆಮ್ಲಿಯಾ ವಿಧಾನವೇ ಅದಕ್ಕೆ ಆಧಾರ. ಪ್ರತಿ ನೋಡ್‌ಗೂ (ಅಂದರೆ ಜಾಲದಲ್ಲಿರುವ ಲ್ಯಾಪ್‌ಟಾಪ್‌ಗೂ) ಪ್ರತಿ ಫೈಲಿಗೂ 160 ಬಿಟ್‌ನ ಒಂದು ಸಂಖ್ಯೆ. ಫೈಲಿನ ಸಂಖ್ಯೆಗೆ ಹತ್ತಿರದ ಸಂಖ್ಯೆಯಿರುವ ಮೂರು ನೋಡ್‌ಗಳಲ್ಲಿ ಅದರ ಕಾಪಿ.

ಒಂದು ರಾತ್ರಿ ಕರೆಂಟ್ ಹೋಯಿತು. ವೈಫೈ ನಿಂತಿತು, ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಓಡುತ್ತಲೇ ಇದ್ದವು. ಪ್ರತಿಯೊಂದಕ್ಕೂ ಉಳಿದವರೆಲ್ಲ ಬಿಟ್ಟುಹೋದ ಹಾಗೆ ಕಂಡಿತು. ನೆರೆಯ ನೋಡ್ ಒಮ್ಮೆ ಉತ್ತರಿಸದಿದ್ದರೆ ತಕ್ಷಣ ಬೇರೆ ಕಡೆ ಕಾಪಿ ಮಾಡು ಎಂದು ನಾನೇ ಕೋಡ್ ಬರೆದಿದ್ದೆ. ಕರೆಂಟ್ ಬಂದದ್ದೇ ತಡ, ಎಲ್ಲವೂ ಸಿಕ್ಕಸಿಕ್ಕವರಿಗೆ ಕಾಪಿ ಕಳಿಸತೊಡಗಿದವು. ವೈಫೈ ತುಂಬಿಹೋಗಿ, ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶಗಳಾದ ಪಿಂಗ್‌ಗಳ ಉತ್ತರ ತಡವಾಯಿತು. ತಡವಾದವರೂ ಹೋದವರ ಲೆಕ್ಕಕ್ಕೆ ಸೇರಿದರು, ಮತ್ತಷ್ಟು ಕಾಪಿ ಹೊರಟಿತು. ಬೆಳಗಿನವರೆಗೂ ಒಂದು ವಿಡಿಯೊ ತೆರೆಯಲಿಲ್ಲ.

ಬರ್ಕ್ಲಿಯ ಸಂಶೋಧಕರು 2004ರಲ್ಲೇ ಇದೇ ಸುಳಿಯ ಬಗ್ಗೆ ಬರೆದಿದ್ದರು. ಯಾರಾದರೂ ಹೋದ ಕ್ಷಣಕ್ಕೇ ದುರಸ್ತಿಗೆ ಓಡದೆ, ನಿಗದಿತ ಸಮಯಕ್ಕೊಮ್ಮೆ ಮಾಡುವುದು ಅವರ ದಾರಿ. ನಾನೂ ಹತ್ತು ನಿಮಿಷಕ್ಕೊಮ್ಮೆ ಎಂದು ಬದಲಿಸಿದೆ.

ಆದರೆ ನಿಜವಾಗಿ ಕಾಪಾಡಿದ್ದು ಇನ್ನೊಂದು ಬದಲಾವಣೆ. ಲ್ಯಾಪ್‌ಟಾಪ್ ಮುಚ್ಚಿ ಕ್ಲಾಸಿಗೆ ಹೋದವನ ಡಿಸ್ಕ್‌ನಲ್ಲಿ ಫೈಲ್ ಹಾಗೇ ಇರುತ್ತದೆ ಅಲ್ವಾ? ಹಾಗಾಗಿ ಎರಡು ಗಡುವು ಇಟ್ಟೆ. ದಾರಿ ಹುಡುಕುವ ಪಟ್ಟಿಯಿಂದ ಅವನನ್ನು ಬೇಗ ತೆಗೆಯುವುದು. ಅವನ ಕಾಪಿ ಕಳೆದುಹೋಯಿತು ಎಂದು ಎಣಿಸಲು ಪೂರ್ತಿ ಎರಡು ದಿನ ಕಾಯುವುದು. ಸುಮ್ನೆ ಓಡಾಡುತ್ತಿದ್ದ ಡೇಟಾ ಬಹುಪಾಲು ಅಲ್ಲಿಗೇ ನಿಂತಿತು.

ಕಾಪಿಗಳ ಲೆಕ್ಕದಲ್ಲೂ ಎಡವಿದ್ದೆ. ಪ್ರತಿ ಲ್ಯಾಪ್‌ಟಾಪ್ ಅರ್ಧ ಹೊತ್ತು ಆನ್ ಇದ್ದರೆ, ಮೂರೂ ಒಟ್ಟಿಗೆ ಆಫ್ ಆಗಿರುವುದು ಎಂಟರಲ್ಲಿ ಒಂದು ಸಲ. ಆರು ಕಾಪಿಯಾದರೆ 64ರಲ್ಲಿ ಒಂದು ಸಲ. ಆದರೆ ಒಂದೇ ಬ್ರಾಂಚಿನವರು ಒಂದೇ ಹೊತ್ತಿಗೆ ಲ್ಯಾಬ್‌ಗೆ ಹೋಗುತ್ತಾರೆ! ಆರೂ ಕಾಪಿ ಅವರ ಬಳಿಯೇ ಇದ್ದರೆ ಲೆಕ್ಕ ತಲೆಕೆಳಗು. ಬೇರೆ ಬೇರೆ ಬ್ರಾಂಚಿಗೆ ಹಂಚಿದ ಮೇಲೆ ಹಗಲಲ್ಲೂ ಫೈಲ್ ಸಿಗತೊಡಗಿತು.

ಆಮೇಲೆ ಒಂದು ಭಾನುವಾರ ಬೇಕೆಂದೇ ವೈಫೈ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆ. ಲಾಗ್‌ನಲ್ಲಿ ಸಾಲಾಗಿ ಬರೀ ಪಿಂಗ್‌ಗಳು. ಕಾಪಿ ಒಂದೂ ಇಲ್ಲ.