ನೀರು ಕೇಳದವರ ಕಡೆ ಒಂದು ಕಣ್ಣಿರಲಿ

ದಿನಕ್ಕೆ ಎಷ್ಟು ಲೋಟ ನೀರು ಕುಡಿಯಬೇಕು ಅಂತ ಚಿಕ್ಕವರು ನನ್ನನ್ನು ಆಗಾಗ ಕೇಳುತ್ತಾರೆ. ನಿಮ್ಮ ಲೋಟ ಎಷ್ಟು ದೊಡ್ಡದು ಅಂತ ನಾನು ತಿರುಗಿ ಕೇಳುತ್ತೇನೆ. ಕೆಲವರ ಲೋಟ 150 ಮಿಲಿ ಹಿಡಿಯುತ್ತದೆ, ಕೆಲವರದು 300 ಮಿಲಿ. ಇಬ್ಬರೂ ಎಂಟು ಲೋಟ ಕುಡಿದೆ ಅನ್ನುತ್ತಾರೆ. ಆದರೆ ಒಬ್ಬರ ಹೊಟ್ಟೆಗೆ ಹೋದದ್ದು 1.2 ಲೀಟರ್, ಇನ್ನೊಬ್ಬರಿಗೆ ಅದರ ಎರಡರಷ್ಟು. ಅದಕ್ಕೇ ಮೊದಲು ಒಂದು ಲೀಟರಿನ ಬಾಟಲಿ ತುಂಬಿಸಿ, ನೀವು ದಿನಾ ಹಿಡಿಯುವ ಲೋಟಕ್ಕೆ ಸುರಿದು ನೋಡಿ. ಒಂದು ಲೀಟರಿಗೆ ನಿಮ್ಮ ಲೋಟ ಎಷ್ಟು ಸಲ ತುಂಬಿತು ಅಂತ ಗೊತ್ತಾದರೆ ಸಾಕು, ಆಮೇಲೆ ಮತ್ತೆ ಅಳೆಯುವುದು ಬೇಡ.

ದಿನಕ್ಕೆ ಎಂಟು ಲೋಟ ಕುಡಿಯಲೇಬೇಕು ಅಂತ ಎಲ್ಲರೂ ಹೇಳುವ ಮಾತಿಗೆ ಗಟ್ಟಿ ಆಧಾರ ಏನೂ ಇಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿಯೊಂದು ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಅಂತ ಹೇಳಿತ್ತು. ಅದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಅಂತಲೂ ಜೊತೆಗೇ ಬರೆದಿತ್ತು. ಜನರ ಬಾಯಲ್ಲಿ ಉಳಿದದ್ದು ಮೊದಲ ಮಾತು ಮಾತ್ರ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಕೊಟ್ಟ ಲೆಕ್ಕ ನನಗೆ ಒಪ್ಪಿಗೆಯಾಗುತ್ತದೆ. ಹೆಂಗಸರಿಗೆ ದಿನಕ್ಕೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಇದರಲ್ಲಿ ಊಟದಲ್ಲಿರುವ ನೀರೂ ಸೇರಿತು. ಊಟದಿಂದ ಬರುವುದನ್ನು ಕಳೆದರೆ, ಕುಡಿಯಬೇಕಾದದ್ದು ಒಂದೂವರೆಯಿಂದ ಎರಡು ಲೀಟರ್ ಆಸುಪಾಸು. ಬಸುರಿಗೆ ಸ್ವಲ್ಪ ಜಾಸ್ತಿ ಬೇಕು. ಹಾಲೂಡಿಸುವ ತಾಯಿಗೆ ಮಾಮೂಲಿಗಿಂತ 700 ಮಿಲಿಯಷ್ಟು ಹೆಚ್ಚು ಬೇಕು. ಮಗುವಿಗೆ ಹಾಲೂಡಿಸಲು ಕೂರುವ ಮೊದಲು ಅವಳ ಪಕ್ಕದಲ್ಲಿ ಒಂದು ದೊಡ್ಡ ಲೋಟ ನೀರು ತಂದಿಟ್ಟುಬಿಡಿ. ಮಗು ಮಡಿಲಲ್ಲಿದ್ದಾಗ ಅವಳು ಎದ್ದು ಹೋಗಿ ಕುಡಿಯುವುದಕ್ಕೆ ಆಗುವುದಿಲ್ಲ ಅಲ್ವಾ?

ಸುಮ್ಮನೆ ಕೂತಿದ್ದರೂ ಮೈಯಿಂದ ನೀರು ಹೋಗುತ್ತಲೇ ಇರುತ್ತದೆ. ಮೂತ್ರದಲ್ಲಿ ಸುಮಾರು ಒಂದೂವರೆ ಲೀಟರ್, ಉಸಿರಿನಲ್ಲಿ ಮತ್ತು ಚರ್ಮದಿಂದ ನಮಗೆ ಗೊತ್ತೇ ಆಗದಂತೆ ಮುಕ್ಕಾಲು ಲೀಟರ್ ಹತ್ತಿರ. ಬಿಸಿಲಲ್ಲಿ ದುಡಿದರೆ ಬೆವರು ಒಂದೇ ಗಂಟೆಯಲ್ಲಿ ಒಂದು ಲೀಟರ್ ಕೂಡ ದಾಟಬಹುದು. ಚಳಿಗಾಲದಲ್ಲಿ, ಎಸಿ ರೂಮಿನಲ್ಲಿ ಬೆವರು ಕಾಣುವುದಿಲ್ಲ, ಬಾಯಾರಿಕೆಯೂ ಅಷ್ಟಾಗಿ ಆಗುವುದಿಲ್ಲ. ಆದರೆ ಒಣ ಗಾಳಿ ಉಸಿರಿನಿಂದ ನೀರು ಎಳೆಯುತ್ತಲೇ ಇರುತ್ತದೆ. ಸಂಜೆ ಹೊತ್ತಿಗೆ ತಲೆನೋವು ಬಂದರೆ ಮಾತ್ರೆ ಹುಡುಕುವ ಮೊದಲು ಬೆಳಿಗ್ಗೆಯಿಂದ ಎಷ್ಟು ಕುಡಿದಿದ್ದೀರಿ ಅಂತ ಒಮ್ಮೆ ನೆನಪಿಸಿಕೊಳ್ಳಿ.

ಗಟ್ಟಿಮುಟ್ಟಾಗಿರುವವರಿಗೆ ಬಾಯಾರಿಕೆಯೇ ಹೆಚ್ಚುಕಡಿಮೆ ಸರಿಯಾದ ದಾರಿ ತೋರಿಸುತ್ತದೆ. ನನಗೆ ಚಿಂತೆ ಅವರದಲ್ಲ. ಮನೆಯಲ್ಲಿ ನೀರು ಕೇಳದವರು ಇರುತ್ತಾರೆ. ವಯಸ್ಸಾದವರು, ಆಟದಲ್ಲಿ ಮೈಮರೆತ ಮಕ್ಕಳು, ಕಾಯಿಲೆಯಲ್ಲಿ ಮಲಗಿದವರು. ಇವರಿಗೆ ನೀರು ಸಿಗುವುದು ಮನೆ ನೋಡಿಕೊಳ್ಳುವವರ ಗಮನದಿಂದ.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ. ಮೈಗೆ ನೀರು ಕಡಿಮೆಯಾಗಿದ್ದರೂ ಅವರಿಗೆ ಕುಡಿಯಬೇಕು ಅನಿಸುವುದಿಲ್ಲ. ಮೂತ್ರಪಿಂಡಕ್ಕೆ ನೀರು ಉಳಿಸಿಕೊಳ್ಳುವ ಶಕ್ತಿಯೂ ಕುಗ್ಗಿರುತ್ತದೆ. ಇದರ ಮೇಲೆ ಇನ್ನೊಂದಿದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಏಳಬೇಕಾಗುತ್ತದಲ್ಲ ಅನ್ನುವ ಭಯ. ಕತ್ತಲಲ್ಲಿ ಕಾಲು ಜಾರಿದರೆ, ಬಚ್ಚಲು ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾದರೆ, ಮಕ್ಕಳನ್ನು ಎಬ್ಬಿಸಬೇಕಾದರೆ ಅಂತ ಯೋಚಿಸಿ ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಅಂಥವರ ಮಂಚದ ಪಕ್ಕದ ಲೋಟ ನೋಡಿ. ಬೆಳಿಗ್ಗೆ ಇಟ್ಟ ನೀರು ಸಂಜೆಗೂ ಅಂಚಿನವರೆಗೆ ಇರುತ್ತದೆ, ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ, ಮೇಲೆ ತೆಳ್ಳಗೆ ಧೂಳು ಕೂತಿರುತ್ತದೆ. ಕುಡಿದಿರಾ ಅಂತ ಕೇಳಿದರೆ ಹೂಂ, ಕುಡಿದೆ ಅನ್ನುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ನಿಮಗೆ ತೊಂದರೆ ಬೇಡ ಅಂತ.

ಹೀಗಿರುವಾಗ ಕುಡೀರಿ ಕುಡೀರಿ ಅಂತ ಬೈದರೆ ಏನೂ ಆಗುವುದಿಲ್ಲ. ಭಯದ ಬೇರಿಗೆ ಕೈ ಹಾಕಬೇಕು. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ದಾರಿಯಲ್ಲಿ ಮಡಚಿಕೊಳ್ಳುವ ಕಾಲೊರಸು, ವೈರು ಇರಬಾರದು. ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಅಷ್ಟೂ ನಡೆಯಲಾಗದವರಿಗೆ ಮಂಚದ ಪಕ್ಕದಲ್ಲೇ ಮೂತ್ರಕ್ಕೆ ಪಾತ್ರೆ ಇರಲಿ. ದಿನದ ನೀರಿನ ಹೆಚ್ಚು ಪಾಲು ಸಂಜೆಯೊಳಗೆ ಮುಗಿಯಲಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಲಿ. ಕಾಲು ಊದಿಕೊಳ್ಳುವವರು ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತರದಲ್ಲಿಟ್ಟು ಮಲಗಿದರೆ ಒಳ್ಳೆಯದು. ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆ ಕೆಲಸ ಹಗಲೇ ಮುಗಿದರೆ ರಾತ್ರಿ ಏಳುವುದು ತಗ್ಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವ ಹೊತ್ತಿಗೆ ನುಂಗಬೇಕು ಅಂತ ಡಾಕ್ಟರ ಹತ್ತಿರ ಕೇಳಿ. ನೀವಾಗಿ ಮಾತ್ರೆ ಬಿಡಿಸಬೇಡಿ.

ಲೋಟವೂ ಮುಖ್ಯ ಕಣ್ರೀ. ನಡುಗುವ ಕೈಗೆ ತುಂಬಿದ ಭಾರದ ಲೋಟ ಕೊಟ್ಟರೆ ಚೆಲ್ಲುತ್ತದೆ ಅಂತ ಅವರು ಮುಟ್ಟುವುದೇ ಇಲ್ಲ. ಎರಡು ಹಿಡಿ ಇರುವ ಹಗುರ ಲೋಟ ಕೊಡಿ, ಅರ್ಧ ಮಾತ್ರ ತುಂಬಿಸಿ, ಜಾಸ್ತಿ ಸಲ ಕೊಡಿ. ಬಾಟಲಿ ಮುಚ್ಚಳ ಬಿಗಿಯಾಗಿದ್ದರೆ ಬೆರಳಲ್ಲಿ ಬಲ ಇಲ್ಲದವರಿಗೆ ಅದು ಬೀಗ ಹಾಕಿದ ಹಾಗೆಯೇ. ಸಡಿಲ ಮಾಡಿಡಿ. ಮಾತ್ರೆ ಕೊಡುವಾಗ ಒಂದು ಗುಟುಕಲ್ಲ, ಪೂರ್ತಿ ಲೋಟ ಕೊಡಿ. ದಿನಕ್ಕೆ ಮೂರು ಸಲ ಮಾತ್ರೆ ಇರುವವರಿಗೆ ಅಲ್ಲೇ ಅರ್ಧ ಲೀಟರ್ ಆಸುಪಾಸು ಆಗಿಬಿಡುತ್ತದೆ. ಮಲಗಿಸಿಕೊಂಡು ಮಾತ್ರ ನೀರು ಕುಡಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ಗುಟುಕು. ನೀರು ಕುಡಿದಾಗೆಲ್ಲ ಕೆಮ್ಮು ಬರುತ್ತಿದ್ದರೆ ನುಂಗುವುದರಲ್ಲೇ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ನಾಲಿಗೆ ಒಣಗಿ ಅಂಟಂಟಾಗಿದ್ದರೆ, ವಯಸ್ಸಾಯಿತು ಬಿಡಿ ಅಂತ ಸುಮ್ಮನಿರಬೇಡಿ. ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕು ಇರಬಹುದು, ಇನ್ನೂ ಬೇರೆ ಏನಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಕೈ ಮೇಲಿನ ಚರ್ಮ ಎಳೆದು ನೋಡುವ ಅಭ್ಯಾಸ ಕೆಲವರಿಗಿದೆ. ವಯಸ್ಸಾದವರ ಚರ್ಮ ಹೇಗೂ ಸಡಿಲ, ಅದನ್ನು ನಂಬಲಾಗದು.

ಉಳಿದವರು ಹೆಚ್ಚುಕಡಿಮೆ ನಂಬಬಹುದಾದದ್ದು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿಯಾಗಿದೆ. ಗಾಢ ಹಳದಿಯಾಗಿ ವಾಸನೆ ಜೋರಾದರೆ ನೀರು ಸಾಲದು. ನೀರಿನ ಹಾಗೆ ಬಣ್ಣವೇ ಇಲ್ಲದೆ ಇಡೀ ದಿನ ಹೋಗುತ್ತಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿಯುತ್ತಿದ್ದೀರಿ ಅಂತ. ಬೆಳಿಗ್ಗೆ ಎದ್ದ ಕೂಡಲೇ ಹೋಗುವುದು ಎಲ್ಲರಿಗೂ ಗಾಢವಾಗಿಯೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಹೊಳೆಯುವ ಹಳದಿ ಬರುತ್ತದೆ, ಗಾಬರಿ ಬೇಡ. ಎಷ್ಟು ಕುಡಿದರೂ ಬಾಯಾರಿಕೆ ತೀರದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಅಂತ ರಕ್ತ ಪರೀಕ್ಷೆ ಮಾಡಿಸಿ.

ಮೂತ್ರಪಿಂಡದಲ್ಲಿ ಒಮ್ಮೆ ಕಲ್ಲಾದವರಿಗೆ ಲೆಕ್ಕವೇ ಬೇರೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಿರಿ ಅಂತ ಡಾಕ್ಟರುಗಳು ಹೇಳುತ್ತಾರೆ. ಗಮನಿಸಿ, ಕುಡಿಯುವುದು ಎರಡೂವರೆ ಅಲ್ಲ, ಹೊರಗೆ ಹೋಗುವುದು ಎರಡೂವರೆ. ಉರಿಮೂತ್ರ ಮತ್ತೆ ಮತ್ತೆ ಕಾಡುವ ಹೆಂಗಸರಿಗೂ ನೀರು ಔಷಧದಂತೆ ಕೆಲಸ ಮಾಡುತ್ತದೆ. ಕಡಿಮೆ ನೀರು ಕುಡಿಯುತ್ತಿದ್ದ, ಸೋಂಕು ಮರುಕಳಿಸುತ್ತಿದ್ದ 140 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದವರಿಗೆ ವರ್ಷದಲ್ಲಿ ಬಂದ ಸೋಂಕು ಉಳಿದವರ ಅರ್ಧದಷ್ಟು. ಹೊರಗೆ ಕೆಲಸಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಶೌಚಾಲಯ ಚೆನ್ನಾಗಿಲ್ಲ ಅಂತ ದಿನವಿಡೀ ನೀರು ಬಿಟ್ಟು, ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಅದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಅವರದಲ್ಲ. ಶುಚಿಯಾದ ಶೌಚಾಲಯ ಕೇಳಿ ಪಡೆಯಿರಿ, ನಾಚಿಕೆ ಬೇಡ.

ಚಹಾ, ಕಾಫಿ ಲೆಕ್ಕಕ್ಕೆ ಬರುತ್ತದೆಯೇ? ಬರುತ್ತದೆ. ಅವು ಮೈಯ ನೀರನ್ನೆಲ್ಲ ಹೊರಹಾಕುತ್ತವೆ ಅನ್ನುವುದು ನಿಜವಲ್ಲ. ದಿನಾ ಕುಡಿದು ಅಭ್ಯಾಸವಾದವರಿಗೆ ಎರಡು ಮೂರು ಕಪ್ಪಿನಿಂದ ತೊಂದರೆ ಇಲ್ಲ. ಹಾಲು, ಸೂಪು, ಗಂಜಿ, ನೀರು ತುಂಬಿದ ಹಣ್ಣು ಎಲ್ಲವೂ ಸೇರುತ್ತವೆ. ಸಕ್ಕರೆ ತುಂಬಿದ ತಂಪು ಪಾನೀಯ ಮಾತ್ರ ದಿನದ ಅಭ್ಯಾಸವಾಗಬಾರದು. ಮದ್ಯ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಅದು ಇರುವ ನೀರನ್ನೂ ಕಳೆಯುತ್ತದೆ. ಊಟದ ನಡುವೆ ನೀರು ಕುಡಿದರೆ ಜೀರ್ಣವಾಗುವುದಿಲ್ಲ ಅಂತ ಹೆದರಿಸುವವರಿದ್ದಾರೆ. ಬೇಕೆನಿಸಿದರೆ ಕುಡಿಯಿರಿ, ಏನೂ ಆಗುವುದಿಲ್ಲ.

ನೀರು ಮರೆಯುವವರು ಅದನ್ನು ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಗಂಟು ಹಾಕಿ. ಹಲ್ಲುಜ್ಜಿದ ಮೇಲೆ ಒಂದು ಲೋಟ, ಪ್ರತಿ ಊಟಕ್ಕೆ ಒಂದು, ಹೊರಗಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಒಂದು. ಮೊಬೈಲ್ ಗಂಟೆ ಹೊಡೆಯುವ ಉಪಾಯ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಅದನ್ನು ಆಫ್ ಮಾಡುತ್ತೀರಿ. ನೀರಿನ ಜಗ್ ಅಡುಗೆಮನೆಯ ಮೂಲೆಯಲ್ಲಲ್ಲ, ಜನ ಕೂರುವ ಕಡೆ ಇರಲಿ. ಕಣ್ಣೆದುರು ಇದ್ದರೆ ಕೈ ತಾನಾಗಿ ಹೋಗುತ್ತದೆ.

ಆರು ತಿಂಗಳಾಗದ ಮಗುವಿಗೆ ನೀರು ಬೇಡವೇ ಬೇಡ, ಸೆಖೆಗಾಲದಲ್ಲೂ ಬೇಡ. ತಾಯಿಹಾಲಿನಲ್ಲೇ ಬೇಕಾದಷ್ಟಿದೆ. ದೊಡ್ಡ ಮಕ್ಕಳನ್ನು ಆಟದ ನಡುವೆ ಕರೆದು ಕುಡಿಸಬೇಕು, ತಾವಾಗಿ ಬರುವುದಿಲ್ಲ.

ವಾಂತಿ ಭೇದಿಯಾದಾಗ ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ನರಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವು ತೀರಾ ಕಡಿಮೆಯಾಯಿತು. ಇವತ್ತಿನ ಓಆರ್‌ಎಸ್ ಪೊಟ್ಟಣದ ಹಿಂದೆ ಇರುವುದು ಅದೇ ತತ್ವ. ಮನೆಯಲ್ಲಿ ಎರಡು ಪೊಟ್ಟಣ ಯಾವಾಗಲೂ ಇರಲಿ, ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬಾರದು, ಮಟ್ಟ ಮಾಡಿ ಹಾಕಿ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಮಾಡಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಮಗು ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಮಲಗಿದರೆ, ಆರು ಗಂಟೆ ಕಾಲ ಮೂತ್ರ ಮಾಡದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಂತ ಜಾಸ್ತಿ ಕುಡಿದಷ್ಟೂ ಒಳ್ಳೆಯದು ಅಂತಲ್ಲ. ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ ಒಂದು ಲೀಟರ್ ಹತ್ತಿರ. ಅದಕ್ಕಿಂತ ಹೆಚ್ಚು ಒಟ್ಟಿಗೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಪರ್ಸೆಂಟ್ ಜನರಿಗೆ ಸೋಡಿಯಂ ಕಡಿಮೆಯಾಗಿತ್ತು. ದಾರಿಯುದ್ದಕ್ಕೂ ವಿಪರೀತ ಕುಡಿದು ಮೈತೂಕ ಏರಿದವರಲ್ಲೇ ಇದು ಜಾಸ್ತಿ ಕಂಡಿತು.

ಹೃದಯ ದುರ್ಬಲವಾದವರಿಗೆ, ಮೂತ್ರಪಿಂಡ ಅಥವಾ ಲಿವರ್ ಕಾಯಿಲೆ ಇರುವವರಿಗೆ ಡಾಕ್ಟರ್ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿರಬಹುದು. ಅವರಿಗೆ ನಾನು ಇಲ್ಲಿ ಬರೆದ ಯಾವ ಅಳತೆಯೂ ಅನ್ವಯಿಸುವುದಿಲ್ಲ, ಡಾಕ್ಟರ್ ಹೇಳಿದ್ದೇ ಸರಿ. ಅಂಥವರಿಗೆ ಬಾಯಾರಿಕೆ ತಡೆಯುವುದು ನಿಜವಾಗಲೂ ಕಷ್ಟ. ಬೆಳಿಗ್ಗೆಯೇ ಇಡೀ ದಿನದ ನೀರನ್ನು ಒಂದು ಬಾಟಲಿಗೆ ಅಳೆದಿಡಿ. ಚಹಾ, ಹಾಲು ಕುಡಿದಾಗ ಅಷ್ಟೇ ಅಳತೆಯ ನೀರನ್ನು ಬಾಟಲಿಯಿಂದ ತೆಗೆಯಿರಿ. ಎಷ್ಟು ಉಳಿದಿದೆ ಅಂತ ಅವರ ಕಣ್ಣಿಗೇ ಕಾಣುತ್ತದೆ. ಊಟದಲ್ಲಿ ಉಪ್ಪು ತಗ್ಗಿಸಿದರೆ ದಾಹವೂ ತಗ್ಗುತ್ತದೆ. ನಡುನಡುವೆ ತಣ್ಣೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಲಿ. ಒಂದು ಚೂರು ಐಸ್ ಚೀಪಿದರೆ ಸಮಾಧಾನವಾಗುತ್ತದೆ, ಆದರೆ ಕರಗಿದ ಐಸನ್ನೂ ಆ ದಿನದ ಲೆಕ್ಕಕ್ಕೆ ಸೇರಿಸಿ.