ಮೊದಲು ಕೆಲಸ ನೋಡಿ, ಆಮೇಲೆ ಡಿಗ್ರಿ ಆರಿಸಿ

ಪಿಯುಸಿ ಕಾಮರ್ಸ್ ರಿಸಲ್ಟ್ ಬಂದ ವಾರ ಮನೆಗೆ ಬಂದ ನೆಂಟರೆಲ್ಲ ಕೇಳುವುದು ಒಂದೇ: ‘ಬಿಕಾಂ ಸೇರ್ತೀಯೋ, ಸಿಎನೋ?’ ಕಂಪನಿಯ ಫೈನಾನ್ಸ್ ವಿಭಾಗಕ್ಕೆ ಹೋಗುವ ಆಸೆ ಇದ್ದರೆ ಈ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಅಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ.

ಹಂತ 1: ಯಾವ ಕುರ್ಚಿ?

ಅಕೌಂಟ್ಸ್‌ನವರು ತಿಂಗಳ ಲೆಕ್ಕ ಮುಗಿಸುತ್ತಾರೆ. ಟ್ಯಾಕ್ಸ್‌ನವರಿಗೆ ಪ್ರತಿ ತಿಂಗಳ 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ), 20ಕ್ಕೆ ಜಿಎಸ್‌ಟಿ ಅಂತ ಕ್ಯಾಲೆಂಡರೇ ಯಜಮಾನ. ಟ್ರೆಷರಿಯವರು ಬ್ಯಾಂಕ್ ಸಾಲ, ಬಡ್ಡಿ, ಡಾಲರ್ ದರ ನೋಡಿಕೊಳ್ಳುತ್ತಾರೆ. ಬಜೆಟ್ ಹಾಕಿ, ಖರ್ಚು ಎಲ್ಲಿ ಹಿಗ್ಗಿತು ಅಂತ ಹೇಳುವವರು ಎಫ್‌ಪಿ ಅಂಡ್ ಎ ತಂಡದವರು. ಶೇರು ಕೊಳ್ಳುವುದು, ಮಾರುವುದು ಇದ್ಯಾವುದರಲ್ಲೂ ಇಲ್ಲ.

ಹಂತ 2: ಡಿಗ್ರಿ

ಸಿಎ ಇದ್ದರೆ ನಾಲ್ಕೂ ಕಡೆ ಬಾಗಿಲು ತೆರೆಯುತ್ತದೆ. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಅಂತ ಮೂರು ಮೆಟ್ಟಿಲು. ಬಿಕಾಂನಲ್ಲಿ ಶೇ 55 ಬಂದವರು ಫೌಂಡೇಶನ್ ಬಿಟ್ಟು ನೇರವಾಗಿ ಇಂಟರ್‌ಗೆ ಹೋಗಬಹುದು. ಪ್ರತಿ ಪೇಪರ್‌ನಲ್ಲಿ 40, ಗ್ರೂಪ್‌ನಲ್ಲಿ, ಅಂದರೆ ಕೆಲವು ಪೇಪರ್ ಸೇರಿದ ಗುಂಪಿನಲ್ಲಿ, ಒಟ್ಟು ಶೇ 50 ಬೇಕು. ಎಲ್ಲದರಲ್ಲೂ 45 ತೆಗೆದೂ ಫೇಲ್ ಆಗುವುದು ಹೀಗೆ. ಒಂದೆರಡು ಸಲ ಎಡವಿದರೆ ಗಾಬರಿ ಬೇಡ, ಆದರೆ ಬಿಕಾಂ ಕೈಬಿಡಬೇಡಿ.

ಪೀಣ್ಯ, ಬೊಮ್ಮಸಂದ್ರದ ಕಡೆಯ ಫ್ಯಾಕ್ಟರಿ ಕೆಲಸ ಇಷ್ಟವಾದರೆ ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ನೋಡಿ. ಒಂದು ಬೋಲ್ಟ್ ಮಾಡಲು ಎಷ್ಟು ಬಿತ್ತು ಅಂತ ಲೆಕ್ಕ ಹಾಕುವುದು ಅವರ ವಿದ್ಯೆ. ಸಿಎಫ್‌ಎ (ಚಾರ್ಟರ್ಡ್ ಫೈನಾನ್ಶಿಯಲ್ ಅನಲಿಸ್ಟ್) ಒಳ್ಳೆಯದೇ, ಆದರೆ ಅದರ ಒಲವು ಹೂಡಿಕೆ ಕಡೆಗೆ. ಹೆಸರಿನಲ್ಲಿ ಫೈನಾನ್ಸ್ ಇದೆ ಅಂತ ಸುಮ್ನೆ ಫೀಸ್ ಕಟ್ಟಬೇಡಿ. ಎಂಬಿಎ? ಎರಡು ಮೂರು ವರ್ಷ ದುಡಿದು ಹೋಗಿ ಎನ್ನುವುದು ನನ್ನ ಮಾತು. ಕೆಲಸವನ್ನೇ ನೋಡದೆ ಲಕ್ಷಗಟ್ಟಲೆ ಸಾಲ ಮಾಡಿ ಸೇರಿದರೆ ಪಾಠದ ಅರ್ಧ ತಲೆ ಮೇಲೆ ಹಾರಿಹೋಗುತ್ತದೆ.

ಹಂತ 3: ಮೊದಲ ಎರಡು ವರ್ಷ

ನನ್ನ ಲೆಕ್ಕದಲ್ಲಿ ಡಿಗ್ರಿಗಿಂತ ಇದು ದೊಡ್ಡದು. ಸಿಎ ಆರ್ಟಿಕಲ್‌ಶಿಪ್, ಅಂದರೆ ಓದಿನ ಜೊತೆಗಿನ ಕಡ್ಡಾಯ ಕೆಲಸದ ತರಬೇತಿ, ಈಗ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ದೊಡ್ಡ ಆಡಿಟ್ ಸಂಸ್ಥೆಯಲ್ಲಿ ಒಂದೇ ದೊಡ್ಡ ಕ್ಲೈಂಟ್ ಕಂಪನಿಯ ಸ್ಥಿರಾಸ್ತಿ ಪಟ್ಟಿಯನ್ನಷ್ಟೇ ತಿಂಗಳುಗಟ್ಟಲೆ ನೋಡುವ ಹಾಗಾಗಬಹುದು. ಮಧ್ಯಮ ಗಾತ್ರದ ಕಚೇರಿಯಲ್ಲಿ ವೋಚರ್‌ನಿಂದ ಬ್ಯಾಲೆನ್ಸ್ ಶೀಟ್‌ವರೆಗೆ ಕೈ ಆಡುತ್ತದೆ. ಹೆಸರಿಗಿಂತ ಕೈ ಪಳಗುವುದು ಮುಖ್ಯ ಅಲ್ವಾ? ಸಿಎ ಮಾಡದವರು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಇರುವ ಯಾವುದಾದರೂ ಪುಟ್ಟ ಕಂಪನಿಯಲ್ಲಿ ಆರು ತಿಂಗಳು ಕೂತರೂ ಸಾಕು.

ನನ್ನ ಮೊದಲ ಕೆಲಸದಲ್ಲಿ ಬ್ಯಾಂಕ್ ಲೆಕ್ಕ 270 ರೂಪಾಯಿ ತಾಳೆ ಆಗಲಿಲ್ಲ. ಸಂಜೆವರೆಗೆ ಹುಡುಕಿದೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಬಂದು, ‘ಒಂಬತ್ತರಿಂದ ಭಾಗಿಸು ನೋಡು’ ಅಂದರು. ಶೇಷ ಉಳಿಯಲಿಲ್ಲ. ‘ಹಾಗಾದ್ರೆ ಎಲ್ಲೋ ಅಂಕಿ ಅದಲುಬದಲು ಮಾಡಿದ್ದೀಯ.’ ನಿಜ, 4,520 ಇರಬೇಕಾದ ಕಡೆ 4,250 ಬರೆದಿದ್ದೆ. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಇಂಥ ಕಡೆ ದುಡ್ಡಿನ ದಾರಿಯೂ ಕಾಣುತ್ತದೆ. ಮಾರ್ಚ್‌ನಲ್ಲಿ 10 ಲಕ್ಷದ ಸರಕು ಮಾರಿದಿರಿ. ಪುಸ್ತಕದಲ್ಲಿ ಲಾಭ ಬಂತು. ಗಿರಾಕಿ ಕೊಡುವುದು 90 ದಿನದ ಮೇಲೆ. ಆದರೆ ಶೇ 18 ಜಿಎಸ್‌ಟಿ, ಅಂದರೆ 1.80 ಲಕ್ಷದಲ್ಲಿ ಖರೀದಿ ಮೇಲಿನ ಕ್ರೆಡಿಟ್ (ಸರಕು ಕೊಂಡಾಗ ಆಗಲೇ ಕೊಟ್ಟ ಜಿಎಸ್‌ಟಿ) ಕಳೆದು ಉಳಿದದ್ದನ್ನು ಏಪ್ರಿಲ್ 20ರೊಳಗೆ ಕಟ್ಟಬೇಕು. ಸಂಬಳವೂ ಕಾಯುವುದಿಲ್ಲ. ಲಾಭ ಇದ್ದೂ ಬ್ಯಾಂಕ್ ಖಾತೆ ಖಾಲಿ!

ಹಂತ 4: ಮನೆಯಲ್ಲೇ ಅಭ್ಯಾಸ

ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್, ಲುಕಪ್ ಕಲಿಯಿರಿ. ಅಷ್ಟರಿಂದ ಶುರು ಮಾಡಬಹುದು. ಆಮೇಲೆ ಟೈಟನ್ ಮತ್ತು ಇನ್ಫೋಸಿಸ್‌ನ ವಾರ್ಷಿಕ ವರದಿ ಇಳಿಸಿಕೊಳ್ಳಿ, ಉಚಿತ. ಎರಡರ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಡಿ. ಟೈಟನ್‌ನಲ್ಲಿ ದಾಸ್ತಾನು ದೊಡ್ಡ ಮೊತ್ತ, ಒಡವೆ ವ್ಯಾಪಾರ ತಾನೇ. ಇನ್ಫೋಸಿಸ್‌ನಲ್ಲಿ ಕಣ್ಣಿಗೆ ಬೀಳುವುದು ಗಿರಾಕಿಗಳಿಂದ ಬರಬೇಕಾದ ಬಾಕಿ. ಎರಡರಲ್ಲೂ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ಐದು ಸಾಲಿನಲ್ಲಿ ಕನ್ನಡದಲ್ಲೇ ಬರೆಯಿರಿ. ಬರೆದದ್ದನ್ನು ಲೆಕ್ಕ ಗೊತ್ತಿಲ್ಲದ ಅಮ್ಮನಿಗೋ ತಮ್ಮನಿಗೋ ಓದಿ ಹೇಳಿ. ಅವರಿಗೆ ಅರ್ಥವಾಗದ ಸಾಲನ್ನು ಮತ್ತೆ ಬರೆಯಿರಿ.