ಗೇಟಿನ ಪಕ್ಕದ ಕರಿಹಲಗೆ

ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ರೈಲ್ವೆ ಗೇಟಿನಿಂದ ಹಿಂದಿನ ತಿರುವಿನವರೆಗೂ ನಿಂತಿತ್ತು. ರಾತ್ರಿ ಹನ್ನೊಂದೂವರೆ. ಗೇಟಿನ ಒಳಗಿನ ರಸ್ತೆಯನ್ನು ನಾವು ಅಗೆದು ಹಾಕಿದ್ದೆವು. ಹಳಿಯ ಒಳಬದಿಗೆ, ಚಕ್ರದ ಅಂಚು ಹಾಯಲು ಸಂದು ಬಿಟ್ಟು ಕೂರಿಸುವ ‘ಚೆಕ್ ರೈಲು’ ಎಂಬ ಪಕ್ಕದ ಹಳಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಾಗಿತ್ತು, ಜಲ್ಲಿಯೊಳಗಿಂದ ಮಣ್ಣು ಕೆರೆಯುವ ಕೆಲಸ ಅರ್ಧಕ್ಕೆ ಬಂದಿತ್ತು. ಬೆಳಗಿನ ಜಾವ ನಾಲ್ಕರವರೆಗೆ ಅಲ್ಲಿ ಒಂದು ಸೈಕಲ್ಲೂ ದಾಟುವಂತಿರಲಿಲ್ಲ. ಸಾಲಿನ ಮೊದಲ ಟ್ರ್ಯಾಕ್ಟರಿನ ಯಜಮಾನರು ಇಳಿದು ಬಂದರು. ಜಗಳಕ್ಕೆ ಬಂದರೆಂದೇ ನಾನು ತಿಳಿದಿದ್ದೆ. ಅವರು ಹಳಿಯ ಹತ್ತಿರ ಕುಳಿತು, ಕೆಲಸ ಸ್ವಲ್ಪ ಹೊತ್ತು ನೋಡಿ ಹೇಳಿದರು: ‘ಸ್ವಾಮಿ, ಕಡಿದ ಕಬ್ಬು ನಿಂತಷ್ಟು ಹೊತ್ತೂ ತೂಕ ಕಳೆದುಕೊಳ್ಳುತ್ತದೆ. ಮೊದಲೇ ಗೊತ್ತಿದ್ದರೆ ನಾಳೆ ಕಡಿಸುತ್ತಿದ್ದೆ.’

ಮೊದಲೇ ಗೊತ್ತಾಗಬೇಕು ಎಂದೇ ಮೂರು ದಿನಗಳ ಹಿಂದೆ ಗೇಟ್‌ಮನ್ ಕೋಣೆಯ ಗೋಡೆಗೆ ನೋಟಿಸು ಅಂಟಿಸಿದ್ದೆ. ‘ಅಭಿಯಂತರ ವಿಭಾಗದ ನಿಯತಕಾಲಿಕ ನಿರ್ವಹಣಾ ಕಾಮಗಾರಿಯ ನಿಮಿತ್ತ ಸದರಿ ಲೆವೆಲ್ ಕ್ರಾಸಿಂಗನ್ನು ರಸ್ತೆ ಸಂಚಾರಕ್ಕೆ ಮುಚ್ಚಲಾಗುವುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ.’ ಕೆಳಗೆ ಸಣ್ಣಕ್ಷರದಲ್ಲಿ ದಿನಾಂಕ, ವೇಳೆ, ಸಹಿ, ಮೊಹರು. ನಿಯಮದ ಪ್ರಕಾರ ಹೇಳಿದಂತಾಗಿತ್ತು. ಆದರೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುವವನು ಇಳಿದು, ಆ ಹಾಳೆಯ ಹತ್ತಿರ ನಿಂತು, ‘ನಿಯತಕಾಲಿಕ’ದಿಂದ ‘ಕೋರಿದೆ’ಯವರೆಗೆ ಓದಿ, ಆಮೇಲೆ ವೇಳೆ ಹುಡುಕಬೇಕಿತ್ತು. ಯಾರೂ ಓದಿರಲಿಲ್ಲ. ಮಂಡ್ಯದಲ್ಲಿ ಹಳಿ ನಿರ್ವಹಣೆಯ ಇಂಜಿನಿಯರ್ ಆಗಿ ನಾನು ಕಳೆದ ವರ್ಷಗಳಲ್ಲಿ ಕಲಿತ ಒಂದು ಸಂಗತಿಯನ್ನು ಈಗ, ನಿವೃತ್ತನಾದ ಮೇಲೆ, ಬರೆದಿಡಬೇಕು ಅನ್ನಿಸಿದೆ. ಅದು ಆ ರಾತ್ರಿಯಿಂದಲೇ ಶುರುವಾಯಿತು.

ಮಂಡ್ಯದ ಹಳಿ ಹಳೆಯದು. 1870ರ ದಶಕದ ಬರಗಾಲದಲ್ಲಿ ಜನರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಮೈಸೂರು ಸಂಸ್ಥಾನ ಆರಂಭಿಸಿದ ಬೆಂಗಳೂರು–ಮೈಸೂರು ಮಾರ್ಗವಿದು. 1882ರ ಹೊತ್ತಿಗೆ ಮೈಸೂರಿನವರೆಗೆ ರೈಲು ಓಡಿತು. ಒಂದು ಮೀಟರ್ ಅಗಲದ ಆ ಹಳಿ 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಆಮೇಲೆ ಎರಡನೆಯ ಹಳಿ ಬಂತು, ತಲೆಯ ಮೇಲೆ 25,000 ವೋಲ್ಟಿನ ತಂತಿ ಬಂತು. ಜೋಡಿ ಹಳಿಗೆ ದಾರಿ ಬಿಡಲು 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದಾಗ ಸುತ್ತಲಿನ ಊರುಗಳಿಂದ ಜನ ನೋಡಲು ಬಂದರು. ಅಂಥ ಕೆಲಸ ತಾನಾಗಿಯೇ ಸುದ್ದಿಯಾಗುತ್ತದೆ. ನಮ್ಮದು ನೋಡಲು ಏನೂ ಇಲ್ಲದ ಕೆಲಸ. ಜಲ್ಲಿ ಕುಟ್ಟುವುದು, ಹಳಿಯ ಕೆಳಗಿನ ಅಡ್ಡಪಟ್ಟಿ, ಅಂದರೆ ಸ್ಲೀಪರ್ ಬದಲಿಸುವುದು, ಬೆಸುಗೆ ಹಾಕುವುದು, ಗೇಟಿನ ರಸ್ತೆ ಅಗೆದು ಮುಚ್ಚುವುದು. ರೈಲುಗಳು ಹೆಚ್ಚಾದಂತೆ ಈ ಕೆಲಸವೂ ಹೆಚ್ಚಾಯಿತು, ಹಗಲಿನ ಬಿಡುವು ಕಡಿಮೆಯಾಗಿ ಎಲ್ಲವೂ ರಾತ್ರಿಗೆ ಸರಿಯಿತು. ಹಳಿಯ ಎರಡೂ ಬದಿಗೆ ಊರು ಬೆಳೆದು ನಿಂತಿತ್ತು. ನಮ್ಮ ರಾತ್ರಿ ಕೆಲಸ ಎಂದರೆ ಅವರ ಮಲಗುವ ಕೋಣೆಯ ಕಿಟಕಿಯ ಹೊರಗಿನ ಕೆಲಸ.

ಕಬ್ಬಿನ ಯಜಮಾನರ ಮಾತಿನ ಮರುವಾರ ಮೇಲಧಿಕಾರಿಯ ಒಪ್ಪಿಗೆ ಪಡೆದು ಗೇಟಿನ ಪಕ್ಕ ಒಂದು ಕರಿಹಲಗೆ ನಿಲ್ಲಿಸಿದೆ. ಶಾಲೆಯಲ್ಲಿ ಇರುವಂಥದ್ದೇ, ನಾಲ್ಕು ಅಡಿ ಅಗಲ. ಗೇಟು ಹಾಕಿದಾಗ ಜನ ಹೇಗೂ ನಿಲ್ಲುತ್ತಾರೆ, ನಿಂತವರಿಗೆ ಎದುರಿಗೆ ಕಾಣುವಂತೆ ಇಟ್ಟೆ. ಬರೆಯುವುದಕ್ಕೆ ಮೂರೇ ಸಾಲು ಎಂದು ಗೆರೆ ಹಾಕಿಕೊಂಡೆ. ಯಾವ ರಾತ್ರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ. ಯಾವ ದಾರಿಯಲ್ಲಿ ಸುತ್ತಿ ಹೋಗಬೇಕು, ತುಂಬಿದ ಗಾಡಿ ಅಲ್ಲಿ ತಿರುಗುತ್ತದೆಯೋ ಇಲ್ಲವೋ. ಎಂಥ ಸದ್ದು ಬರುತ್ತದೆ. ಕೆಲಸದ ಹೆಸರು ಕೊನೆಗೆ, ಜಾಗ ಉಳಿದರೆ ಮಾತ್ರ.

ಆ ಮೂರನೆಯ ಸಾಲು ಹಳಿಯ ಪಕ್ಕದ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಕೊಟ್ಟದ್ದು. ರಾತ್ರಿ ನಿದ್ದೆ ಬರುವುದಿಲ್ಲ ಎಂದು ದೂರು ಬರೆದಿದ್ದರು. ದೂರಿಗೆ ಕಾಗದದಲ್ಲಿ ಉತ್ತರಿಸುವ ಬದಲು ಮನೆಗೇ ಹೋದೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕೇಳಿದರು: ‘ಇಂಜಿನಿಯರೇ, ಇದನ್ನು ಹಗಲು ಮಾಡಿದರೆ ನಿಮಗೇನು ಕಷ್ಟ?’

ರೈಲುಗಳ ನಡುವೆ ಬಿಡುವಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಬಿಸಿಲಿನ ಕಾರಣ ಗೊತ್ತಿರಲಿಲ್ಲ. ಈಗಿನ ಹಳಿಗಳನ್ನು ಉದ್ದಕ್ಕೂ ಬೆಸೆದಿರುತ್ತೇವೆ, ಹಿಂದಿನಂತೆ ಪ್ರತಿ ತುಂಡಿಗೂ ಸಂದು ಇರುವುದಿಲ್ಲ. ಒಂದು ಕಿಲೋಮೀಟರು ಉಕ್ಕಿನ ಹಳಿ ಹತ್ತು ಡಿಗ್ರಿ ಬಿಸಿಯೇರಿದರೆ ಸುಮಾರು 11 ಸೆಂಟಿಮೀಟರು ಹಿಗ್ಗಬೇಕು. ಸ್ಲೀಪರೂ ಜಲ್ಲಿಯೂ ಅದನ್ನು ಅದುಮಿ ಹಿಡಿದಿರುವುದರಿಂದ ಹಿಗ್ಗುವುದಕ್ಕೆ ಆಗುವುದಿಲ್ಲ. ಆ ಒತ್ತಡವೆಲ್ಲ ಹಳಿಯ ಒಳಗೇ ಕೂತಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಜಲ್ಲಿಯನ್ನು ಕೆದಕಿದರೆ ಹಿಡಿತ ಸಡಿಲವಾಗಿ ಹಳಿ ಪಕ್ಕಕ್ಕೆ ಹಾವಿನಂತೆ ಬಾಗಿಬಿಡಬಹುದು. ಇದನ್ನು ಹೇಳುತ್ತ ಅವರ ಮನೆಯ ಪ್ಲಾಸ್ಟಿಕ್ ಅಳತೆಪಟ್ಟಿಯ ಎರಡೂ ತುದಿಗಳನ್ನು ಅಂಗೈಗಳ ನಡುವೆ ಒತ್ತಿ ಹಿಡಿದೆ. ಅದು ನಡುವೆ ಬಿಲ್ಲಿನಂತೆ ಉಬ್ಬಿತು. ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಒತ್ತಿ ನೋಡಿದರು.

‘ಸರಿ, ರಾತ್ರಿಯೇ ಮಾಡಿ. ಆದರೆ ಆ ಗುಡುಗುಡು ಸದ್ದು ಏನು, ಎಷ್ಟು ಹೊತ್ತು ಎಂದು ಬರೆಯಿರಿ. ಗೊತ್ತಿಲ್ಲದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ’ ಎಂದರು. ಆಮೇಲೆ ನಾನು ಹಲಗೆಗೆಂದು ಬರೆದುಕೊಂಡಿದ್ದ ಚೀಟಿ ತೆಗೆದುಕೊಂಡು ಕೆಂಪು ಪೆನ್ನಿನಿಂದ ತಿದ್ದಿದರು. ‘ಟ್ಯಾಂಪಿಂಗ್’ ಹೋಗಿ ‘ಜಲ್ಲಿ ಕುಟ್ಟುವ ಯಂತ್ರ’ ಬಂತು. ‘ಸ್ಥಗಿತಗೊಳಿಸಲಾಗುವುದು’ ಹೋಗಿ ‘ಗೇಟು ತೆರೆಯುವುದಿಲ್ಲ’ ಬಂತು. ‘ಸಹಕರಿಸಿ’ ಎಂಬುದನ್ನು ಹೊಡೆದು ಹಾಕಿದರು. ಜನ ಸಹಕರಿಸುವುದು ಅವರ ಇಷ್ಟ, ನೀವು ವೇಳೆ ಹೇಳಿ ಸಾಕು ಎಂದರು. ಮೂವತ್ತು ವರ್ಷ ಕಡತದ ಕನ್ನಡ ಬರೆದ ನನಗೆ ಆ ತಿದ್ದುಪಡಿಯ ಬೆಲೆ ಹೇಳಲು ಬಾರದು. ಆ ಚೀಟಿ ಇಂದಿಗೂ ನನ್ನ ಹತ್ತಿರ ಇದೆ.

ಬೆಸುಗೆಯ ರಾತ್ರಿಗಳಿಗೆ ಬೇರೆಯೇ ಒಂದು ಸಾಲು ಬೇಕಾಯಿತು. ಎರಡು ಹಳಿಗಳ ತುದಿಯನ್ನು ಎದುರುಬದುರಾಗಿ ಇಟ್ಟು, ಸುತ್ತ ಮರಳಿನ ಅಚ್ಚು ಕಟ್ಟಿ, ಬರ್ನರಿನಿಂದ ಕೆಂಪಗೆ ಕಾಯಿಸಿ, ಮೇಲಿನ ಮೂಸೆಯಲ್ಲಿ ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡಿನ ಮಿಶ್ರಣಕ್ಕೆ ಕಿಡಿ ಕೊಡುತ್ತೇವೆ. ಕೆಲವೇ ಸೆಕೆಂಡುಗಳಲ್ಲಿ ಶಾಖ ಎರಡು ಸಾವಿರ ಡಿಗ್ರಿ ದಾಟುತ್ತದೆ. ಮೂಸೆಯ ಬಾಯಿಂದ ಬಿಳಿ ಬೆಳಕು ಮೇಲೇಳುತ್ತದೆ, ಹೊಗೆ ದಟ್ಟವಾಗಿ ಸುತ್ತುತ್ತದೆ, ಕರಗಿದ ಉಕ್ಕು ಅಚ್ಚಿನೊಳಗೆ ಇಳಿಯುವಾಗ ಕಿಡಿಗಳು ಜಲ್ಲಿಯ ಮೇಲೆಲ್ಲ ಚೆಲ್ಲುತ್ತವೆ. ನಮ್ಮ ಗ್ಯಾಂಗಿನವರಿಗೆ ಅದು ನಿತ್ಯದ ನೋಟ. ನಡುರಾತ್ರಿ ಕಿಟಕಿ ಬೆಳಗಿದ್ದನ್ನು ಕಂಡವರಿಗೆ ಬೆಂಕಿ ಬಿದ್ದಂತೆಯೇ. ಒಮ್ಮೆ ಎರಡು ಮನೆಯವರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿ ಬಂದರು. ಅಂದಿನಿಂದ ಹಲಗೆಯಲ್ಲಿ ಹೀಗೆ ಬರೆದೆ: ‘ಇಂದು ರಾತ್ರಿ ಒಂದರ ಸುಮಾರಿಗೆ ಬೆಸುಗೆ. ಬಿಳಿ ಬೆಳಕು, ಹೊಗೆ ಕಾಣುತ್ತದೆ. ಬೆಂಕಿಯಲ್ಲ. ಬರಿಗಣ್ಣಿನಿಂದ ಬೆಳಕನ್ನೇ ದಿಟ್ಟಿಸಬೇಡಿ.’ ಮುಂದಿನ ಬೆಸುಗೆಗೆ ತಾರಸಿಗಳ ಮೇಲೆ ಮಕ್ಕಳ ಸಾಲು ಇತ್ತು. ಬೆಸುಗೆಯ ಮೇಸ್ತ್ರಿ ಅಚ್ಚು ಒಡೆದು, ಇನ್ನೂ ಕೆಂಪಗಿದ್ದ ಹೆಚ್ಚುವರಿ ಉಕ್ಕನ್ನು ಕತ್ತರಿಸಿ ತೆಗೆದಾಗ ಚಪ್ಪಾಳೆ ಕೇಳಿಸಿತು. ಇಪ್ಪತ್ತೈದು ವರ್ಷ ಬೆಸುಗೆ ಹಾಕಿದ ಆ ಮನುಷ್ಯ ತಲೆಯೆತ್ತಿ ತಾರಸಿ ನೋಡಿದ ರೀತಿಯನ್ನು ನಾನು ಮರೆತಿಲ್ಲ.

ಇಷ್ಟಾದರೂ ನಾನು ಮಾಡುತ್ತಿದ್ದ ದೊಡ್ಡ ತಪ್ಪು ಒಂದು ಉಳಿದಿತ್ತು.

ನಮ್ಮ ಕೆಲಸಕ್ಕೆ ‘ಬ್ಲಾಕ್’ ಸಿಗಬೇಕು. ಅಂದರೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಈ ಹಳಿಯ ಮೇಲೆ ರೈಲು ಬಿಡುವುದಿಲ್ಲ ಎಂಬ ಅಪ್ಪಣೆ. ಅದು ಕೊನೆ ಗಳಿಗೆಯಲ್ಲೂ ತಪ್ಪುತ್ತದೆ. ದೂರದ ಗಾಡಿ ತಡವಾಗುತ್ತದೆ, ಯಂತ್ರ ಕೆಡುತ್ತದೆ, ಬೇರೆಡೆ ತುರ್ತು ಬಂದು ಗ್ಯಾಂಗು ಅಲ್ಲಿಗೆ ಹೋಗುತ್ತದೆ. ರಾತ್ರಿ ಹತ್ತಕ್ಕೆ ಕೆಲಸ ರದ್ದಾದರೆ ನಾನು ಸಾಮಾನು ಕಟ್ಟಿಸಿ ಮನೆಗೆ ಹೋಗುತ್ತಿದ್ದೆ. ಹಲಗೆಯ ಮೇಲಿನ ಬರಹ ಹಾಗೇ ಇರುತ್ತಿತ್ತು. ಒಂದು ಬೆಳಿಗ್ಗೆ ಹಾಲಿನವರೊಬ್ಬರು ಮೊಪೆಡ್ ನಿಲ್ಲಿಸಿ ಕೇಳಿದರು: ‘ರಾತ್ರಿ ಕೆಲಸ ಆಗಲಿಲ್ಲವಂತೆ, ಸರ್? ಗೇಟು ತೆರೆದೇ ಇತ್ತಂತೆ. ನಾನು ಹಲಗೆ ನೋಡಿಕೊಂಡು ಜಾವ ಮೂರಕ್ಕೇ ಎದ್ದು ಸುತ್ತಿ ಬಂದೆ.’ ದನಿಯಲ್ಲಿ ಕೋಪ ಇರಲಿಲ್ಲ. ನನ್ನ ಮಾತು ನಂಬಿ ಒಂದು ಗಂಟೆ ನಿದ್ದೆ ಕಳೆದುಕೊಂಡಿದ್ದರು. ಎರಡು ಸಲ ಹೀಗಾದರೆ ಮೂರನೆಯ ಸಲ ಹಲಗೆಯತ್ತ ತಿರುಗಿಯೂ ನೋಡುವುದಿಲ್ಲ, ನಿಜವಾಗಿಯೂ ರಸ್ತೆ ಅಗೆದ ರಾತ್ರಿಯೇ ಬಂದು ಸಿಕ್ಕಿಕೊಳ್ಳುತ್ತಾರೆ.

ಕೆಲಸ ಇದೆ ಎನ್ನುವುದಕ್ಕಿಂತ ಕೆಲಸ ಇಲ್ಲ ಎನ್ನುವುದನ್ನು ಬೇಗ ಹೇಳಬೇಕು. ಇದು ನನಗೆ ಆ ಹಾಲಿನವರು ಕಲಿಸಿದ ಪಾಠ. ಅಂದಿನಿಂದ ಬ್ಲಾಕ್ ರದ್ದಾದ ಕರೆ ಬಂದ ಕೂಡಲೇ ಮೊದಲ ಫೋನು ಗೇಟ್‌ಮನ್‌ಗೆ, ಹಲಗೆ ಒರೆಸಲು. ಬರಿದೇ ಒರೆಸಿದರೂ ಸಾಲದು, ‘ಇಂದಿನ ಕೆಲಸ ರದ್ದು, ಗೇಟು ಎಂದಿನಂತೆ’ ಎಂದು ಬರೆಯಬೇಕು. ಸಾಮಾನು ಕಟ್ಟಿಸುವುದು ಆಮೇಲೆ. ರಾತ್ರಿ ಹಲಗೆ ನೋಡಲು ಬರುವವರು ಯಾರು ಎಂಬ ಪ್ರಶ್ನೆಗೆ ಮೊಬೈಲಿನಲ್ಲಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಎಲ್ಲರನ್ನೂ ಸೇರಿಸಲಿಲ್ಲ. ಆಟೋ ನಿಲ್ದಾಣದ ಇಬ್ಬರು, ಶಾಲಾ ವ್ಯಾನಿನವರು, ಹಾಲಿನವರು, ಕಬ್ಬಿನ ಗಾಡಿಗಳ ಉಸ್ತುವಾರಿಯವರು, ಆಂಬುಲೆನ್ಸ್ ಚಾಲಕರು, ಮೂಲೆಯ ಹೋಟೆಲಿನವರು, ಆ ಶಿಕ್ಷಕಿ. ಇಪ್ಪತ್ತೆರಡು ಜನ. ಆಟೋ ನಿಲ್ದಾಣಕ್ಕೆ ಗೊತ್ತಾದರೆ ಅರ್ಧ ಊರಿಗೆ ಗೊತ್ತಾದಂತೆ. ಅದರಲ್ಲಿ ಗೇಟಿನ ಸುದ್ದಿ ಬಿಟ್ಟು ಶುಭೋದಯವನ್ನೂ ಹಾಕುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದೆ. ಹಾಗಾಗಿ ಆ ಗುಂಪಿನ ಫೋನು ಸದ್ದು ಮಾಡಿದರೆ ಎಲ್ಲರೂ ತೆಗೆದು ನೋಡುತ್ತಿದ್ದರು.

ದಿನನಿತ್ಯ ಬೆಂಗಳೂರಿಗೆ ಹೋಗಿಬರುವವರು ಬೇರೆಯೇ ಒಂದು ಊರು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಐದು ನಿಮಿಷ ತಡವಾದರೂ ಕಚೇರಿಯಲ್ಲಿ ಉತ್ತರ ಹೇಳಬೇಕಾದವರು. ಜಲ್ಲಿಯನ್ನು ಪೂರ್ತಿ ತೆಗೆದು ಶೋಧಿಸಿ ಹಾಕಿದ ಜಾಗದಲ್ಲಿ ಮೊದಲು ರೈಲನ್ನು ಗಂಟೆಗೆ 20 ಕಿಲೋಮೀಟರಿಗೆ ಇಳಿಸುತ್ತೇವೆ. ಜಲ್ಲಿ ಕೂರುತ್ತ ಬಂದಂತೆ ಹಂತಹಂತವಾಗಿ ವೇಗ ಬಿಡುತ್ತೇವೆ. ಅವರಿಗೆ ಪ್ಲಾಟ್‌ಫಾರಮ್ಮಿನಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳಿದೆ, ಯಾವ ವಾರ ಯಾವ ಎರಡು ನಿಲ್ದಾಣಗಳ ನಡುವೆ ಎಂದು. ಅಷ್ಟು ಸಾಕಾಯಿತು.

ನನ್ನ ಸೇವೆಯ ಕೊನೆಯ ವರ್ಷ ಆ ಗೇಟನ್ನೇ ಮುಚ್ಚಿ ಕೆಳಸೇತುವೆ ಮಾಡುವ ಕೆಲಸ ಬಂತು. ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಒಂದೇ ಬ್ಲಾಕಿನಲ್ಲಿ ಇಳಿಸಬೇಕು: ಹಳಿ ಕತ್ತರಿಸಿ, ಮಣ್ಣು ತೋಡಿ, ಕ್ರೇನಿನಿಂದ ಪೆಟ್ಟಿಗೆ ಕೂರಿಸಿ, ಮಣ್ಣು ಮುಚ್ಚಿ, ಹಳಿ ಜೋಡಿಸಿ ರೈಲು ಬಿಡಬೇಕು. ಆ ದಿನ ಊರಿಗೆ ಊರೇ ಬಂದು ನೋಡಿತು. ಆದರೆ ನನ್ನ ತಲೆಯಲ್ಲಿದ್ದದ್ದು ಎರಡು ಸಂಗತಿ. ಸೇತುವೆಯ ಎತ್ತರ 3.6 ಮೀಟರು, ಹನ್ನೆರಡು ಅಡಿಗೂ ಕಡಿಮೆ. ಕಬ್ಬಿನ ಟ್ರ್ಯಾಲರುಗಳನ್ನು ನಮ್ಮಲ್ಲಿ ಎಷ್ಟು ಎತ್ತರಕ್ಕೆ ತುಂಬುತ್ತಾರೆ ಎಂದು ಮಂಡ್ಯದವರಿಗೆ ಹೇಳಬೇಕಿಲ್ಲ. ‘3.6 ಮೀ.’ ಎಂದು ಬರೆದರೆ ಯಾರ ಕಣ್ಣಿಗೂ ಅಳತೆ ಕಾಣುವುದಿಲ್ಲ. ಆರು ತಿಂಗಳು ಮೊದಲೇ ಗೇಟಿನ ಬಳಿ ರಸ್ತೆಯ ಅಂಚಿನಲ್ಲಿ ಅಷ್ಟೇ ಎತ್ತರದ ಬಿದಿರುಗಳನ್ನು ಸುಣ್ಣ ಬಳಿದು ನೆಟ್ಟೆ. ಪ್ರತಿ ಗಾಡಿಯೂ ಅದರ ಪಕ್ಕ ಹಾದು ಹೋಗಬೇಕು. ಮೊದಲ ವಾರ ಕಬ್ಬಿನ ತಲೆ ಬಿದಿರಿಗಿಂತ ಮೇಲಿರುತ್ತಿತ್ತು. ಚಾಲಕರು ತಾವೇ ನೋಡಿಕೊಂಡರು. ಕೆಲವರು ಕಡಿಮೆ ತುಂಬಲು ಶುರು ಮಾಡಿದರು, ಕೆಲವರು ಬೇರೆ ದಾರಿಯನ್ನೇ ರೂಢಿ ಮಾಡಿಕೊಂಡರು. ಸೇತುವೆ ತೆರೆದ ದಿನ ಒಂದೂ ಗಾಡಿ ಒಳಗೆ ಸಿಕ್ಕಿಕೊಳ್ಳಲಿಲ್ಲ.

ಎರಡನೆಯದು ಮಳೆನೀರು. ಸಭೆಯಲ್ಲಿ ಜನ ಒಂದೇ ಪ್ರಶ್ನೆ ಕೇಳಿದರು, ನೀರು ನಿಲ್ಲುತ್ತದೆಯೇ ಎಂದು. ನಿಲ್ಲುವುದಿಲ್ಲ ಎಂದು ಹೇಳಿಬಿಡು ಎಂದು ಹಿತೈಷಿಗಳು ಕಿವಿಯಲ್ಲಿ ಹೇಳಿದ್ದರು. ತಗ್ಗಿನಲ್ಲಿ ನೀರು ನಿಲ್ಲದೆ ಎಲ್ಲಿ ಹೋಗುತ್ತದೆ? ಜೋರು ಮಳೆಗೆ ನೀರು ಬರುತ್ತದೆ, ತೊಟ್ಟಿಗೆ ಇಳಿಯುತ್ತದೆ, ಪಂಪಿನಿಂದ ಹೊರಹಾಕಬೇಕು, ಕರೆಂಟು ಹೋದರೆ ತಡವಾಗುತ್ತದೆ ಎಂದೇ ಹೇಳಿದೆ. ಸಭೆಯಲ್ಲಿ ಗದ್ದಲವಾಯಿತು. ಆದರೆ ಅಲ್ಲಿಯೇ ಪಂಪಿನ ಕೀಲಿ ಯಾರ ಬಳಿ ಇರಬೇಕು, ರಾತ್ರಿ ಯಾರಿಗೆ ಫೋನು ಮಾಡಬೇಕು ಎಂಬುದೂ ತೀರ್ಮಾನವಾಯಿತು. ನೀರು ಎಷ್ಟು ಅಡಿ ನಿಂತಿದೆ ಎಂದು ಕಾಣುವಂತೆ ಗೋಡೆಯ ಮೇಲೆ ಗುರುತು ಬರೆಸಬೇಕೆಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ಆಂಬುಲೆನ್ಸ್ ಚಾಲಕರು ಕೇಳಿದರು. ಬರೆಸಿದೆವು. ಒಂದೂವರೆ ಅಡಿಯ ಮೇಲೆ ಕೆಂಪು ಪಟ್ಟೆ.

ಗೇಟು ಕೊನೆಯ ಸಲ ಮುಚ್ಚಿದ ಸಂಜೆ ಹಲಗೆಯಲ್ಲಿ ಹೀಗೆ ಬರೆದಿದ್ದೆ: ‘ಇಂದು ಸಂಜೆ 6ರಿಂದ ಈ ಗೇಟು ಇನ್ನು ತೆರೆಯುವುದಿಲ್ಲ. ಕೆಳಸೇತುವೆಯಲ್ಲಿ ಹೋಗಿ. ಬಿದಿರಿಗಿಂತ ಎತ್ತರದ ಗಾಡಿ ಬೇಡ.’ ಗೇಟ್‌ಮನ್ ಹಲಗೆಯನ್ನು ಕಳಚಿ, ಇದನ್ನು ಉಗ್ರಾಣಕ್ಕೆ ಹಾಕಲೇ ಸರ್ ಎಂದು ಕೇಳಿದರು. ಕೆಳಸೇತುವೆಯ ಬಾಯಿಗೆ ನಿಲ್ಲಿಸಲು ಹೇಳಿದೆ. ಕಳೆದ ಮುಂಗಾರಿನಲ್ಲಿ ಆ ದಾರಿಯಲ್ಲಿ ಹೋದಾಗ ಅದು ಅಲ್ಲೇ ಇತ್ತು. ನನ್ನ ನಂತರ ಬಂದ ಹುಡುಗನ ಅಕ್ಷರದಲ್ಲಿ ಬರೆದಿತ್ತು: ‘ಬೆಳಿಗ್ಗೆ 7: ನೀರು ಅರ್ಧ ಅಡಿ. ಪಂಪು ಓಡುತ್ತಿದೆ.’ ಸುಣ್ಣದ ಕಡ್ಡಿ ದಾರಕ್ಕೆ ಕಟ್ಟಿ ಪಕ್ಕದಲ್ಲೇ ತೂಗುಬಿಟ್ಟಿದ್ದರು.